ನಿನ್ನ ಬೆನ್ನ ಮೇಲಿಟ್ಟ ಕಾಲು

ನಿಂಗಪ್ಪಣ್ಣಾ, ಬಿದ್ದ ಮೇಲೂ ನಿನ್ನ ಕಾಲುಗಳು ಆಡುತ್ತಿದ್ದವು. ನಾನು ತುಳಿದ ಮೇಲೆ ನಿಂತವು. ಎರಡು ವರ್ಷದಿಂದ ಇದನ್ನು ಮುಚ್ಚಿಟ್ಟಿದ್ದೇನೆ.

ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವನು ಮೂರು ಸಲ ತುಳಿದರೆ ಹಿಡಿದ ಬೆನ್ನು ಬಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ. ದುಡಿಯಲು ಗೋವಾಕ್ಕೆ ಬಂದರೂ ಅದನ್ನು ಬಿಟ್ಟು ಬರಲಿಲ್ಲ. ಮಂಗೋರ್ ಹಿಲ್‌ನ ಗೌಂಡಿಗಳೆಲ್ಲ ಭಾನುವಾರ ನನ್ನ ಬಾಗಿಲಿಗೇ ಬರುತ್ತಿದ್ದರು. ನನಗೂ — ಸುಳ್ಳೇಕೆ — ಜಂಬವಿತ್ತು.

ಆ ಮಧ್ಯಾಹ್ನ ಉಳಿದವರು ಊಟಕ್ಕೆ ಹೋಗಿದ್ದರು. ನಾವು ಕಟ್ಟುತ್ತಿದ್ದ ಕಟ್ಟಡದಲ್ಲಿ ಹಲಗೆ ಜಾರಿ ನೀನು ಮೊದಲ ಮಾಳಿಗೆಯಿಂದ ಮರಳಿನ ಮೇಲೆ ಬಿದ್ದೆ. ನೋವಿಗೆ ಕಾಲಿನಿಂದ ಮರಳು ಕೆದರುತ್ತಿದ್ದೆ.

"ಬೆನ್ನ ಹಿಡದೈತಿ ತಮ್ಮಾ, ಒಂದೀಟು ತುಳಿ" ಎಂದೆ ನೀನು.

ನಾನು ನಿನ್ನನ್ನು ಬೋರಲು ಮಲಗಿಸಿ ತುಳಿದೆ. ಮೂರನೆಯ ಸಲಕ್ಕೆ ಒಳಗೇನೋ ಲಟಕ್ಕೆಂದಿತು. ನೀನು ಒಮ್ಮೆ ಕೂಗಿ ಎಚ್ಚರ ತಪ್ಪಿದೆ. ಕಾಲ್ಬೆರಳುಗಳು ಮರಳಿನಲ್ಲಿ ಹಾಗೇ ನಿಂತುಬಿಟ್ಟವು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: ಬಿದ್ದ ಕೂಡಲೇ ಕಾಲು ಆಡುತ್ತಿದ್ದವೇ? "ಇಲ್ರಿ" ಎಂದೆ. ಅವರು ಹಾಗೇ ಬರೆದುಕೊಂಡರು. ಆ ಮಧ್ಯಾಹ್ನ ನಡೆದದ್ದು ನಿನಗೆ ಮತ್ತೆ ನೆನಪಾಗಲೇ ಇಲ್ಲ, ನಾನೂ ನೆನಪಿಸಲಿಲ್ಲ. ಬೆನ್ನುಹುರಿಯ ನರ ಕಡಿದರೆ ಮತ್ತೆ ಬೆಳೆಯುವುದು ಕಷ್ಟ, ಎಳೆಗಳೇನಾದರೂ ಉಳಿದಿದ್ದರೆ ವ್ಯಾಯಾಮದಿಂದ ಎಚ್ಚರಗೊಂಡಾವು ಎಂದರು ಡಾಕ್ಟರು. ಅಷ್ಟೇ ಮಾತು ಹಿಡಿದು ನಿನ್ನ ಹೆಂಡತಿ, ನನ್ನ ವೈನಿ, ದಿನಕ್ಕೆ ಮೂರು ಹೊತ್ತು ನಿನ್ನ ಕಾಲು ಮಡಚಿ ಬಿಡಿಸಿದರು, ಎರಡು ವರ್ಷ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದವನು ನಾನು, ಉಣ್ಣುತ್ತಿರುವವರು ನೀವಿಬ್ಬರು.

ಮೊನ್ನೆ ವೈನಿ ರೂಪಾಯಿ ಹಾಕುವ ಡಬ್ಬಿ ಫೋನಿನಿಂದ ಕೂಗಿದರು: "ಲಗೂನ ಬಾರೋ ತಮ್ಮಾ! ಹೆಬ್ಬೆರಳು ಆಡೇತಿ! ನರ ಚಿಗರಾಕತ್ತೇತಿ ನೋಡು, ಖರೇನ!"

ಝುವಾರಿನಗರದ ನಿಮ್ಮ ಖೋಲಿಗೆ ಓಡಿ ಬಂದೆ. ನೀನು ಆಗಲೇ ಅಂಗಿ ಕಳಚಿ ಬೋರಲು ಮಲಗಿದ್ದೆ.

"ನಿನ್ನ ಕಾಲಗುಣ ಭಾಳ ಚಲೋ" ಎಂದರು ವೈನಿ. "ಮೂರ ಸಲ ತುಳಿ. ಪೂರಾ ಎದ್ದು ನಿಲ್ಲತಾರ."

ಅದೇ ಬೆನ್ನು — ನೀನು ಕತ್ತು ಹೊರಳಿಸಿ ನಗುತ್ತಿದ್ದೆ, ಅಣ್ಣಾ. ಆಗಲೂ ನಿಜ ಮುಚ್ಚಿ, ಜ್ವರವೆಂದು ಹೇಳಿ ತಪ್ಪಿಸಿಕೊಂಡೆ.

ನಾನು ಬರದಿದ್ದರೆ ವೈನಿ ತುಳಿಸಲು ಇನ್ನೊಬ್ಬನನ್ನು ಹುಡುಕುತ್ತಾರೆ. ಅದಕ್ಕೇ ಈ ಕಾಗದ. ನಾಳೆ ನಾನೇ ಬಂದು ನಿನ್ನನ್ನು ಡಾಕ್ಟರ ಬಳಿಗೆ ಕರೆದೊಯ್ಯುತ್ತೇನೆ, ಅವರೆದುರು ಎಲ್ಲ ಹೇಳುತ್ತೇನೆ. ಆಮೇಲೆ ನೀನು ನನ್ನ ಮುಖ ನೋಡದಿದ್ದರೂ ಸರಿ.

ಅಲ್ಲಿಯವರೆಗೆ ಬೆನ್ನನ್ನು ಯಾರಿಗೂ ಒಡ್ಡಬೇಡ. ನನಗಂತೂ ಬೇಡವೇ ಬೇಡ.