ಕಲ್ಲಿನ ಬಣ್ಣದ ಪಟ್ಟಿ

ಅರಸೀಕೆರೆ ಬಸ್ ನಿಲ್ದಾಣದ ಹಿಂದಿದ್ದ ಬ್ರೌಸಿಂಗ್ ಸೆಂಟರಿನಲ್ಲಿ ನಾನು ಕೆಲಸಕ್ಕಿದ್ದೆ. ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟವನು. ಬೇರೆಯವರ ಪುಟಗಳನ್ನು ನೋಡಿ ನೋಡಿ ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದೆ.

ಅಕ್ಕನಿಗೆ ಚಿಕ್ಕಂದಿನಿಂದ ದೃಷ್ಟಿ ಮಂದ. ನಮ್ಮ ಸೆಂಟರಿನ ಮೂಲೆಯ ಕಂಪ್ಯೂಟರಿನಲ್ಲಿ, ಪುಟವನ್ನು ಮೇಲೆ ಕೆಳಗೆ ಸರಿಸುವ ಬಲಬದಿಯ ಪಟ್ಟಿಯನ್ನು ಬೆರಳಗಲ ದಪ್ಪ ಮಾಡಿ, ಕಪ್ಪು ಹಳದಿ ಬಣ್ಣ ಇಟ್ಟುಕೊಂಡಿದ್ದಳು. ಅದು ಕಂಡರೆ ಪುಟ ಇನ್ನೂ ಇದೆ, ಕಾಣದಿದ್ದರೆ ಮುಗಿಯಿತು.

ಆಗಿನ ಕಾಲಕ್ಕೆ ಪುಟ ಮಾಡುವವರು ಆ ಪಟ್ಟಿಗೂ ತಮ್ಮ ಬಣ್ಣ ಬಳಿಯಬಹುದಿತ್ತು. ನೋಡುವವರು ಇಟ್ಟುಕೊಂಡ ಬಣ್ಣ ಆ ಪುಟದಲ್ಲಿ ನಡೆಯುತ್ತಿರಲಿಲ್ಲ. ಈ ವಿದ್ಯೆ ಕಲಿತ ದಿನ ಅಕ್ಕನಿಗೆ ತೋರಿಸಿ ಜಂಬಪಟ್ಟಿದ್ದೆ.

"ಅದೊಂದನ್ನ ಮುಟ್ಬ್ಯಾಡ ಕಣೋ. ನಂಗೆ ಅದೇ ಊರುಗೋಲು," ಎಂದಳು.

"ನಿನ್ನೊಬ್ಬಳಿಗೋಸ್ಕರ ಎಲ್ಲಾನೂ ಆಟೋ ಥರ ಹಳದಿ ಕಪ್ಪು ಇರಬೇಕಾ?" ಎಂದು ರೇಗಿಸಿದೆ. ಆಮೇಲೆ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟೆ.

ಆ ವರ್ಷ ಹಳೇಬೀಡಿನಲ್ಲಿ ಒಂದು ಟ್ರಸ್ಟಿನವರು ದೇವಸ್ಥಾನ ತೋರಿಸುವ ಗೈಡುಗಳನ್ನು ತಯಾರು ಮಾಡಲು ಹೊರಟರು. ಅಲ್ಲಿನ ಗೋಡೆಯ ಆನೆ ಕುದುರೆ ಸಾಲುಗಳನ್ನು ಅಕ್ಕ ಕೈಯಿಂದ ಸವರಿಯೇ ಬಲ್ಲಳು. ಕಥೆಗಳೆಲ್ಲ ಬಾಯಲ್ಲಿದ್ದವು. ಅರ್ಜಿ ಹಾಕಿದಳು. ಅವಳು ಆಸೆಪಟ್ಟು ಕೇಳಿದ ಕೆಲಸ ಅದೊಂದೇ.

ಆ ಟ್ರಸ್ಟಿನ ವೆಬ್‌ಸೈಟ್ ನನಗೆ ಸಿಕ್ಕಿತು. ಪುಟವನ್ನೆಲ್ಲ ಆ ದೇವಸ್ಥಾನದ ಬಳಪದ ಕಲ್ಲಿನ ಬೂದು ಮಾಡಿದೆ. ಬಲಬದಿಯ ಪಟ್ಟಿ ಮಾತ್ರ ಬೇರೆಯಾಗಿ ಎದ್ದು ಕಂಡದ್ದನ್ನು ನನಗೆ ಸಹಿಸಲಾಗಲಿಲ್ಲ. ಅದಕ್ಕೂ ಅದೇ ಬೂದು ಬಳಿದೆ. ಟ್ರಸ್ಟಿನವರು ಮೆಚ್ಚಿದರು. ಸಂದರ್ಶನ ಸೋಮವಾರ ಎಂದು ಪುಟದ ಮೇಲ್ಭಾಗದಲ್ಲಿತ್ತು. ಅರಸೀಕೆರೆ, ಜಾವಗಲ್ ಕಡೆಯವರು ಅದರ ಹಿಂದಿನ ಶನಿವಾರವೇ ಬರಬೇಕು ಎಂಬ ಸಾಲು ತೀರಾ ಕೆಳಗಿತ್ತು. ಅದನ್ನೂ ನಾನೇ ಟೈಪ್ ಮಾಡಿದ್ದೆ. ಬಣ್ಣದ ಗುಂಗಿನಲ್ಲಿ ಅದು ತಲೆಗೆ ಹೋಗಿರಲಿಲ್ಲ.

ಅಕ್ಕ ಮೂಲೆಯ ಕಂಪ್ಯೂಟರಿನಲ್ಲಿ ಆ ಪುಟ ನೋಡಿಕೊಂಡು, ಸೋಮವಾರ ಹೊಸ ಸೀರೆಯುಟ್ಟು ಹೋದಳು. ನಿಮ್ಮ ಕಡೆಯವರದ್ದು ಶನಿವಾರವೇ ಮುಗಿಯಿತು ಎಂದರಂತೆ, ಮಧ್ಯಾಹ್ನದ ಬಸ್ಸಿಗೇ ವಾಪಸ್ಸು ಬಂದಳು. ಪೂರ್ತಿ ಓದುವುದಕ್ಕೇನಾಗಿತ್ತು ಎಂದು ಅಪ್ಪ ಬೈದರು.

"ನಾನು ನೋಡ್ದಾಗ ಅಷ್ಟೇ ಇತ್ತು. ಪಟ್ಟಿ ಇರ್ಲಿಲ್ಲ. ಅಲ್ವೇನೋ?" ಎಂದು ನನ್ನ ಕಡೆ ತಿರುಗಿದಳು.

"ಇತ್ತಲ್ಲಕ್ಕಾ. ನಿಂಗೆ ಕಂಡಿಲ್ಲ ಅಷ್ಟೆ," ಎಂದೆ.

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

ಮಾರನೆಯ ಬೆಳಿಗ್ಗೆ ಯಾರಿಗೂ ಹೇಳದೆ ಪಟ್ಟಿಯ ಆ ಬೂದು ತೆಗೆದುಹಾಕಿದೆ. ಅಕ್ಕ ಮತ್ತೆ ಸೆಂಟರಿನ ಕಡೆ ಬರಲೇ ಇಲ್ಲ. ಈಗಲೂ ಏನು ಕಾಗದ ಬಂದರೂ ಬಿಚ್ಚದೆ ನನ್ನ ಕೈಗೇ ಕೊಡುತ್ತಾಳೆ. ನಾನು ಓದಿ ಹೇಳಿದ್ದನ್ನು ನಂಬುತ್ತಾಳೆ.