ನಾಲ್ಕು ಡಿಗ್ರಿ

ನನ್ನ ಅಕ್ಕ ಸೇಡಿನ ಹೆಂಗಸು. ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಭೂಮಾಪನ ಕಚೇರಿಯಲ್ಲಿ ಎಲ್ಲರೂ ಅವಳನ್ನು ಅಳತೆಯಕ್ಕ ಅನ್ನುತ್ತಾರೆ.

ಅಪ್ಪ ತೀರಿಕೊಂಡ ವರ್ಷ ನಮ್ಮ ಜಾಗಕ್ಕೂ ಚಿಕ್ಕಪ್ಪನ ಜಾಗಕ್ಕೂ ನಡುವೆ ಗಡಿ ಗುರುತಿಸಿದ್ದು ಸರ್ವೇಯರ್ ಆಗಿದ್ದ ಚಿಕ್ಕಪ್ಪನೇ. ಪತ್ರದಲ್ಲಿದ್ದದ್ದು ಇಷ್ಟು: ಮೂಲೆಗಲ್ಲಿನಿಂದ ನೇರ ಪೂರ್ವಕ್ಕೆ ಮುನ್ನೂರು ಅಡಿ. ದಿಕ್ಸೂಚಿ ನೋಡಿ ಬೇಲಿ ಹಾಕಿಸಿದ. ಆ ತುದಿಯಲ್ಲಿದ್ದ ನಮ್ಮ ಬಾವಿ ಅವನ ಪಾಲಿಗೆ ಹೋಯಿತು. ಅಂದಿನಿಂದ ಅಮ್ಮ ಕೊಡ ಹಿಡಿದು ಅವನ ಗೇಟಿನ ಹೊರಗೆ ನಿಲ್ಲಬೇಕಾಯಿತು. ಚಿಕ್ಕಮ್ಮ ಊಟ ಮುಗಿಸಿ, ಕೈ ತೊಳೆದು, ಆಮೇಲೆ ಬೀಗ ತೆಗೆಯುತ್ತಿದ್ದಳು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಅಕ್ಕ ಸರ್ವೇ ತರಗತಿ ಸೇರಿದ ಮೊದಲ ವಾರ ಮೇಷ್ಟ್ರು ಹೇಳಿದರಂತೆ, ದಿಕ್ಸೂಚಿಯ ಹತ್ತಿರ ಕಬ್ಬಿಣ ಇಟ್ಟರೆ ಮುಳ್ಳು ದಿಕ್ಕು ತಪ್ಪುತ್ತದೆ ಎಂದು. ಅವತ್ತು ಅವಳು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕೂತಳು.

"ಹಾರೆ ಕಣೇ. ಗಡಿ ಗುರುತು ಮಾಡಿದ ದಿನ ನಾನು ಅಲ್ಲೇ ಇದ್ನಲ್ಲ, ಚಿಕ್ಕಪ್ಪ ದಿಕ್ಸೂಚಿ ಸ್ಟ್ಯಾಂಡಿಗೆ ಹಾರೆ ಒರಗಿಸಿದ್ರು. ತೆಗೀಲಾ ಅಂದಿದ್ದಕ್ಕೆ ಗದರಿಸಿದ್ರು."

ಮರುದಿನವೇ ಬೇಲಿಯ ಕೋನ ಅಳೆದಳು. ಉತ್ತರದಿಂದ ತೊಂಬತ್ತು ಡಿಗ್ರಿ ಇರಬೇಕಾದದ್ದು ತೊಂಬತ್ತನಾಲ್ಕಿತ್ತು. ನಾಲ್ಕು ಡಿಗ್ರಿಯ ಟ್ಯಾನ್ 0.07. ಅಂದರೆ ನೂರಡಿ ಪೂರ್ವಕ್ಕೆ ಹೋದರೆ ಬೇಲಿ ಏಳಡಿ ದಕ್ಷಿಣಕ್ಕೆ, ನಮ್ಮ ಕಡೆಗೆ, ಜಾರಿರುತ್ತದೆ. ಮುನ್ನೂರಕ್ಕೆ ಇಪ್ಪತ್ತೊಂದು. ಬಾವಿ ನುಂಗಲು ಅಷ್ಟು ಸಾಕು.

"ಕೇಸ್ ಹಾಕೋಣ" ಅಂದೆ.

"ಕಣ್ತಪ್ಪು ಅಂತ ಜಾರಿಕೊಳ್ತಾರೆ. ನಾಲ್ಕು ಜನದ ಮುಂದೆ ಅವರ ಬಾಯಿಂದಲೇ ಬರಬೇಕು."

ಹನ್ನೊಂದು ವರ್ಷ ಕಾದಳು. ಕೊನೆಗೆ ಚಿಕ್ಕಪ್ಪ ಜಾಗ ಮಾರಲು ಹೊರಟಾಗ, ಕೊಳ್ಳುವವರು ಮರು ಅಳತೆ ಕೇಳಿದರು. ಪಕ್ಕದ ಜಾಗದವರೆಂದು ನಮ್ಮನ್ನೂ ಕರೆದರು. ಅಕ್ಕ ಎಲ್ಲರ ಬೀಗದ ಕೈಗಳನ್ನೂ ದೂರ ಇಡಿಸಿ, ಮೂಲೆಗಲ್ಲಿನ ಮೇಲೆ ದಿಕ್ಸೂಚಿ ನಿಲ್ಲಿಸಿ, ಅದನ್ನು ಬೇಲಿಯ ತುದಿಗೆ ಗುರಿ ಹಿಡಿದಳು.

"ಹಿರಿಯ ಸರ್ವೇಯರ್ ಇದಾರಲ್ಲ, ಅವರೇ ಓದ್ಲಿ."

ಚಿಕ್ಕಪ್ಪ ಬಗ್ಗಿ ನೋಡಿದ. ಮುಖ ಬಿಳುಚಿಕೊಂಡಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಬಾವಿ ಬಿಟ್ಕೊಡ್ತೀನಿ ಮಗಳೇ. ಇವರ ಮುಂದೆ ಬೇಡ" ಎಂದ, ಮೆಲ್ಲಗೆ.

"ಮೊದ್ಲು ಓದಿ ಚಿಕ್ಕಪ್ಪ."

"ತೊಂಬತ್ತನಾಲ್ಕು."

"ಅಮ್ಮಂಗೆ ಕಿವಿ ಮಂದ. ಜೋರಾಗಿ ಹೇಳಿ."

ಜೋರಾಗಿ ಹೇಳಿದ. ಕೊಳ್ಳುವವರು ಮುಖ ಮುಖ ನೋಡಿಕೊಂಡರು.

ಅಮ್ಮನ ಕಿವಿ ಚುರುಕಾಗಿಯೇ ಇದೆ. ಆದರೂ ಅವಳು ಕಿವಿಗೆ ಕೈ ಹಿಡಿದು, "ಏನಂದೆಯಪ್ಪಾ?" ಎಂದಳು.