ಮಾವಿನ ಸಿಪ್ಪೆಯ ಪುಡಿ ಮತ್ತು ನಮ್ಮತ್ತೆಯ ಮಂಡಿ

ಹಾರೋಹಳ್ಳಿಯ ಒಂದು ಹಣ್ಣಿನ ರಸದ ಕಾರ್ಖಾನೆಯ ಲ್ಯಾಬಿನಲ್ಲಿ ನನಗೆ ಕೆಲಸ. ಮಾವಿನ ಕಾಲ ಬಂತೆಂದರೆ ಅಲ್ಲಿ ತಿರುಳು ಡಬ್ಬಿ ಸೇರುತ್ತದೆ, ಸಿಪ್ಪೆ ದನದ ಮೇವಿಗೆಂದು ಟ್ರ್ಯಾಕ್ಟರ್ ಸೇರುತ್ತದೆ. ಒಂದು ದಿನ ಊಟದ ಬಿಡುವಿನಲ್ಲಿ ಏನೋ ಓದುತ್ತಿದ್ದಾಗ, ಮಾವಿನ ತಿರುಳಿಗಿಂತ ಸಿಪ್ಪೆಯಲ್ಲೇ ಪಾಲಿಫಿನಾಲ್ ಎಂಬ ಅಂಶಗಳು ಹೆಚ್ಚಿರುತ್ತವೆ, ಮೈಯಲ್ಲಿ ಕೊಬ್ಬು ಸೇರುವುದನ್ನು ಅವು ತಡೆಯುತ್ತವೆಯೇ ಎಂದು ಪರೀಕ್ಷಿಸುತ್ತಿದ್ದಾರೆ ಎಂದು ತಿಳಿಯಿತು. ಪರೀಕ್ಷೆ ಬಹುಪಾಲು ಇಲಿಗಳ ಮೇಲೆ ಎಂದೂ ಅಲ್ಲೇ ಬರೆದಿತ್ತು. ಆ ಸಾಲನ್ನು ಬೇಗ ದಾಟಿಬಿಟ್ಟೆ. ನನ್ನ ಮನಸ್ಸು ಆಗಲೇ ಮರಳವಾಡಿಯ ಮನೆಯಲ್ಲಿದ್ದ ಅತ್ತೆಯ ಹತ್ತಿರ ಹೋಗಿತ್ತು.

ಅತ್ತೆಯದು ತುಂಬಿದ ಮೈ. ತೂಕ ಇಳಿಸದಿದ್ದರೆ ಮಂಡಿನೋವು ಹೋಗುವುದಿಲ್ಲ ಎಂದು ಕನಕಪುರದ ಡಾಕ್ಟರಮ್ಮ ಪ್ರತಿ ಸಲ ಹೇಳುತ್ತಿದ್ದರು. "ನಾನೇನ್ ತಿಂತೀನವ್ವ? ಗಾಳಿ ಕುಡುದ್ರೂ ಮೈ ಬರ್ತದೆ" ಎನ್ನುವುದು ಅತ್ತೆಯ ಉತ್ತರ. ದಿನಾ ಸಂಜೆ ಕರಿಯುವ ಬೋಂಡಾ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವರ ಮಗ, ಅಂದರೆ ನನ್ನ ಗಂಡ, ತೋಟ ನೋಡಿಕೊಳ್ಳುತ್ತಾರೆ. ಅವರ ಹೊಟ್ಟೆಯೂ ಅಮ್ಮನ ಕಡೆಯದೇ. ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದು ಬೇಡ.

ಆ ಸಂಜೆ ಮನೆಗೆ ಬಂದವಳೇ ಹೇಳಿದೆ: "ಅತ್ತೆ, ಮಾವಿನ ಸಿಪ್ಪೇಲಿ ಬೊಜ್ಜು ಕರಗ್ಸೋ ಗುಣ ಐತಂತೆ."

ಅತ್ತೆ ಕೊಟ್ಟಿಗೆಯ ಕಡೆ ಕೈ ತೋರಿಸಿದರು. "ನಮ್ ಹಸ ಆ ಸಿಪ್ಪೆನೇ ತಿನ್ನೋದು. ಅದೇನ್ ತೆಳ್ಳಗೈತಾ?"

ಆದರೂ ಮಾತ್ರೆಗಿಂತ ವಾಸಿ ಎನ್ನಿಸಿತೋ ಏನೋ, ಒಪ್ಪಿಕೊಂಡರು. ಔಷಧಿ ಹೊಡೆಯದ ಹಿತ್ತಲ ಮರದ ಹಣ್ಣು ತೊಳೆದು, ಸಿಪ್ಪೆ ತೆಗೆದು, ತಾರಸಿಯ ಮೇಲೆ ಒಣಗಿಸಿ ಮಿಕ್ಸಿಗೆ ಹಾಕಿದೆ. ಶುರು ಮಾಡುವ ಮೊದಲು ಎಲ್ಲರ ತೂಕ ನೋಡಬೇಕಿತ್ತು. ಮನೆಯಲ್ಲಿದ್ದದ್ದು ಮಾವಿನ ಕ್ರೇಟ್ ತೂಗುವ ಯಂತ್ರವೊಂದೇ. ಅತ್ತೆ ಮಗನ ಭುಜ ಹಿಡಿದು ಅದರ ಮೇಲೆ ಹತ್ತಿದರು. ಅಂಕಿ ಓದಿದ ಮಗನನ್ನು ದುರುಗುಟ್ಟಿ ನೋಡಿದರು.

"ಸೀರೆ ತೂಕ ಕಳುದ್ಯೇನ್ಲಾ?"

"ಅಮ್ಮ, ಕ್ರೇಟ್ ತೂಕ ಕಳೀಬೋದು, ಸೀರೆದು ಎಷ್ಟಂತ ಕಳೀಲಿ?"

ಊಟಕ್ಕೆ ಮೊದಲು ಬಿಸಿನೀರಿಗೆ ಒಂದು ಚಮಚ ಪುಡಿ ಹಾಕಿಕೊಂಡು ಕುಡಿಯುವುದು ನಮ್ಮ ಕ್ರಮ. ಒಗರೆಂದರೆ ಒಗರು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಗಂಡ ಮೂಗು ಹಿಡಿದು ಕುಡಿಯುತ್ತಿದ್ದರು. ಅತ್ತೆ ಕುಡಿದ ಮೇಲೆ ಬೆಲ್ಲದ ಡಬ್ಬಿ ಹುಡುಕುತ್ತಿದ್ದರು.

ಹೀಗೆ ಕೆಲವು ದಿನ ನಡೆಯಿತು. ಒಂದು ಸಂಜೆ ನಾನು ಬಸ್ಸಿಳಿದು ಬಂದರೆ, ಮನೆಯ ಬಾಗಿಲಿಗೇ ಹುರಿದ ಮೆಣಸಿನಕಾಯಿಯ ಘಮ. ಅತ್ತೆ ಕಡಲೆಬೇಳೆ, ಬೆಳ್ಳುಳ್ಳಿ, ಒಣಕೊಬ್ಬರಿ ಹುರಿದು, ನನ್ನ ಸಿಪ್ಪೆ ಪುಡಿಯನ್ನೆಲ್ಲ ಸುರಿದು ಚಟ್ನಿಪುಡಿ ಮಾಡಿಬಿಟ್ಟಿದ್ದರು.

"ಒಸಿ ಬಾಯಿಗ್ ಹಾಕ್ಕೊಂಡ್ ನೋಡು. ಒಗರು ಎತ್ಲಾಗೋ ಹೊಂಟೋಯ್ತು."

ಹಾಕಿಕೊಂಡೆ. ಸಿಪ್ಪೆಯ ಹುಳಿ, ಒಗರು ಎರಡೂ ಖಾರದ ಹಿಂದೆ ನಿಂತು ಇಣುಕುತ್ತಿದ್ದವು. ಅಂಥ ಚಟ್ನಿಪುಡಿಯನ್ನು ನಾನು ಹಿಂದೆಂದೂ ತಿಂದಿರಲಿಲ್ಲ. ಬಿಸಿ ಅನ್ನ, ಮೇಲೆ ತುಪ್ಪ, ಅದರ ಮೇಲೆ ಈ ಪುಡಿ. ಮುದ್ದೆ ಮುಗಿಸಿ ಏಳುತ್ತಿದ್ದ ಗಂಡ ಮತ್ತೆ ಕೂತರು. ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದರು. ಔಷಧಿ ತಾನೇ ಎಂಬ ಧೈರ್ಯದಲ್ಲಿ ಎಲ್ಲರೂ ಧಾರಾಳವಾಗಿ ತಿಂದೆವು.

ಮುಂದಿನ ಸಲ ಯಂತ್ರ ಹತ್ತಿದಾಗ ಮೂವರ ತೂಕವೂ ಏರಿತ್ತು.

"ಬೊಜ್ಜು ಕರಗ್ಸೋ ಪುಡಿ ಅಂತ ಹೇಳಿ ಬೊಜ್ಜು ಬೆಳ್ಸೋ ಪುಡಿ ತಂದ್ಬುಟ್ಟಲ್ಲೇ!" ಎಂದು ಗಂಡ ಹೊಟ್ಟೆ ಕುಲುಕಿಸಿ ನಕ್ಕರು. ನನಗೆ ನಗು ಬರಲಿಲ್ಲ. ಓದಿದವಳು ಎಂಬ ನನ್ನ ಹೆಮ್ಮೆ ತುಪ್ಪದ ಜೊತೆ ಕರಗಿಹೋಗಿತ್ತು.

ಮಂಡಿ ತೋರಿಸಲು ಕನಕಪುರಕ್ಕೆ ಹೋದಾಗ ಅತ್ತೆ ಎಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿ, ಸೆರಗಿನಿಂದ ಚಟ್ನಿಪುಡಿಯ ಪುಟ್ಟ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಡಾಕ್ಟರಮ್ಮ ನಗುತ್ತಾ ಕೇಳಿಸಿಕೊಂಡರು.

"ನಿಮ್ಮ ಸೊಸೆ ಓದಿದ್ದು ಸುಳ್ಳಲ್ಲಮ್ಮ. ಆದ್ರೆ ಇಲಿಗೆ ಆಗಿದ್ದು ಮನುಷ್ಯರಿಗೂ ಹಾಗೇ ಆಗುತ್ತೆ ಅಂತ ಇನ್ನೂ ಗಟ್ಟಿಯಾಗಿ ಹೇಳೋಕಾಗಲ್ಲ. ಮುದ್ದೆ ಚಿಕ್ಕದು ಮಾಡಿ. ಸಂಜೆ ಬೋಂಡಾ ಬದಲು ಸೀಬೆಕಾಯಿ ತಿನ್ನಿ."

ಆಮೇಲೆ ಡಬ್ಬಿ ತೆರೆದು ಬೆರಳ ತುದಿಯಲ್ಲಿ ಒಂದಿಷ್ಟು ನೆಕ್ಕಿದರು. ಇನ್ನೊಮ್ಮೆ ನೆಕ್ಕಿದರು. ಡಬ್ಬಿಯನ್ನು ನಮಗೆ ವಾಪಸು ಕೊಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಹೇಳಿದರು: "ಇಲಿಗೆ ಯಾರೂ ತುಪ್ಪ ಹಾಕಿ ಬಡ್ಸಲ್ಲ ಕಣವ್ವ. ಅದ್ಕೇ ಅದು ತೆಳ್ಳಗಾಯ್ತದೆ."

ಮರುದಿನವೇ ಬೋಂಡಾ ಬಾಣಲೆಯನ್ನು ಅವರೇ ಅಟ್ಟಕ್ಕೆ ಹಾಕಿಸಿದರು. ಸಂಜೆ ಸಿಪ್ಪೆಸಮೇತ ಹೆಚ್ಚಿದ ಸೀಬೆಕಾಯಿ, ಸೌತೆಕಾಯಿ, ಮೇಲೆ ಒಂದು ಚಿಟಿಕೆ ಅದೇ ಪುಡಿ. ಮುದ್ದೆ ನಿಂಬೆಹಣ್ಣಿನಷ್ಟಾಗಲಿಲ್ಲ, ಆದರೆ ಮೊದಲಿನಷ್ಟು ದೊಡ್ಡದಾಗಿಯೂ ಉಳಿಯಲಿಲ್ಲ. ನಿಧಾನವಾಗಿ ಅತ್ತೆಯ ರವಿಕೆಗಳು ಸಡಿಲವಾದವು. ಮಾಡಿದ್ದು ಸಿಪ್ಪೆಯೋ, ಸೀಬೆಯೋ, ಇಲ್ಲದ ಬೋಂಡಾವೋ? ಲ್ಯಾಬಿನಲ್ಲಿ ದುಡಿಯುವ ನನಗೂ ಗೊತ್ತಿಲ್ಲ. ಗಂಡನ ಹೊಟ್ಟೆ ಮಾತ್ರ ಇದ್ದ ಹಾಗೇ ಇದೆ. ಮನೆಯಲ್ಲಿ ಸೀಬೆಕಾಯಿ ತಿಂದು, ಹಾರೋಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬೋಂಡಾ ತಿನ್ನುತ್ತಾರೆಂದು ನನ್ನ ಜೊತೆ ಕೆಲಸ ಮಾಡುವವರು ಹೇಳಿದರು.

ಈಚೆಗೆ ಮಾಗಡಿಯಲ್ಲಿ ಅತ್ತೆಯ ತಂಗಿ ಹೊಸಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದರು. ಊಟ ಇಟ್ಟಿದ್ದು ತಾರಸಿಯ ಮೇಲೆ. "ಅಕ್ಕ, ನಿಂಗೆ ಕೆಳಗೇ ಎಲೆ ಹಾಕುಸ್ತೀನಿ" ಎಂದು ತಂಗಿ ಅಂದರೆ, ಅತ್ತೆ "ಯಾಕೆ, ನಾನೇನ್ ಮುದುಕಿಯಾ?" ಎಂದು ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು. ಮಧ್ಯೆ ಒಂದು ಕಡೆ ನಿಂತು ಉಸಿರು ತೆಗೆದುಕೊಂಡರು, ಆದರೆ ಯಾರ ಕೈಯನ್ನೂ ಹಿಡಿಯಲಿಲ್ಲ. ನಾನು ಹಿಂದೆಯೇ ಇದ್ದೆ. ಹಿಡಿಯಲೆಂದು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಹೋಳಿಗೆ ಬಂತು. ಅತ್ತೆ ಒಂದನ್ನು ತಿಂದು, ಎರಡನೆಯದು ಬಡಿಸಲು ಬಂದಾಗ ನನ್ನ ಕಡೆ ನೋಡಿದರು. ನಾನು ಪಲ್ಯದಲ್ಲಿ ಏನೋ ಹುಡುಕುವವಳಂತೆ ತಲೆ ತಗ್ಗಿಸಿ ಕೂತೆ.